ರಿಫ್ರೆಶ್ ‘ಯಶಸ್ವಿ’ ಅಂತಿದೆ, ‘ನಿನ್ನೆಯ ಮಾರಾಟ’ದಲ್ಲಿ ಮಾತ್ರ ಮೊನ್ನೆಯ ಲೆಕ್ಕ ಬರುತ್ತಿದೆ

ಹುಬ್ಬಳ್ಳಿ_ಡಿಪೋ

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಯ ಪವರ್ ಬಿಐ (ಡೇಟಾವನ್ನು ರಿಪೋರ್ಟ್ ಮಾಡಿ ತೋರಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ನೋಡಿಕೊಳ್ಳುವ ಕೆಲಸ ನನ್ನ ಕೈಗೆ ಬಂದು 8 ತಿಂಗಳಾಯಿತು. ಮೊದಲು ನೋಡಿಕೊಳ್ಳುತ್ತಿದ್ದವರು ಬೇರೆ ಕಡೆ ಸೇರಿಕೊಂಡರು. ನಮ್ಮದು ಬೀಜ, ಗೊಬ್ಬರದ ಸಗಟು ವ್ಯಾಪಾರ, 14 ಡಿಪೋಗಳಿವೆ. ಬಿಲ್ಲಿಂಗ್ ಎಲ್ಲ ಆಫೀಸಿನ ಎಸ್‌ಕ್ಯೂಎಲ್ ಸರ್ವರ್ 2016 ಡೇಟಾಬೇಸ್‌ನಲ್ಲಿದೆ. ಅಲ್ಲಿಂದ ಗೇಟ್‌ವೇ (ಆಫೀಸಿನ ಒಂದು ಪಿಸಿಯಲ್ಲಿ ಓಡುತ್ತಾ, ಡೇಟಾವನ್ನು ಇಂಟರ್ನೆಟ್‌ನಲ್ಲಿರುವ ಪವರ್ ಬಿಐ ಸರ್ವಿಸ್‌ಗೆ ದಾಟಿಸುವ ಪ್ರೋಗ್ರಾಂ) ಮೂಲಕ ಪವರ್ ಬಿಐಗೆ ಹೋಗುತ್ತದೆ. ಇರುವುದು ಪ್ರೊ ಲೈಸೆನ್ಸ್.

ಹೊಸ ಡೇಟಾ ತರುವ ರಿಫ್ರೆಶ್ ಬೆಳಿಗ್ಗೆ 5 ಗಂಟೆಗೆ ಒಂದು, 10:30ಕ್ಕೆ ಇನ್ನೊಂದು. ಆರೂವರೆಗೆ ಲೋಡ್ ಹೊರಡುತ್ತದೆ. ಅದಕ್ಕೂ ಮುಂಚೆ ಡಿಪೋದವರು ಮೊಬೈಲ್‌ನಲ್ಲಿ ‘ನಿನ್ನೆಯ ಮಾರಾಟ’ ನೋಡಿ, ಯಾವ ಅಂಗಡಿಗೆ ಎಷ್ಟು ಚೀಲ ಅಂತ ಹಂಚುತ್ತಾರೆ. ಅಲ್ಲಿ ಮೊನ್ನೆಯ ಲೆಕ್ಕ ಬರುತ್ತಿದೆ. ಮೊದಲು ತಿಂಗಳಿಗೆ ಎರಡು ಮೂರು ಸಲ ಹೀಗಾಗುತ್ತಿತ್ತು, 2 ವಾರದಿಂದ ದಿನಾ ಆಗುತ್ತಿದೆ. ಎರರ್ ಏನೂ ಇಲ್ಲ, ರಿಫ್ರೆಶ್ ಹಿಸ್ಟರಿಯಲ್ಲಿ ಎಲ್ಲವೂ ‘ಯಶಸ್ವಿ’. ನಾನು ಆಫೀಸಿಗೆ ಬಂದು ನನ್ನ ಪಿಸಿಯ ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ನೋಡಿದರೆ ಸರಿ ಇರುತ್ತದೆ. 10:30ರ ರಿಫ್ರೆಶ್ ಆದ ಮೇಲೆ ಮೊಬೈಲ್‌ನಲ್ಲೂ ತಾನಾಗಿ ಸರಿಯಾಗುತ್ತದೆ.

ಗೇಟ್‌ವೇ ಮೇಲೆ ನನಗೆ ಅನುಮಾನ. ಸರಿಯಾಗಿ 2 ವಾರದ ಹಿಂದೆ ಆ ಪಿಸಿಗೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಇದ್ದದ್ದನ್ನು 32 ಮಾಡಿಸಿದೆವು. ಕಳೆದ ವಾರ ಒಂದು ಡಿಪೋದಲ್ಲಿ ಮಾರಿ ಮುಗಿದಿದ್ದ ಯೂರಿಯಾ ಇನ್ನೂ ಇದೆ ಅಂದುಕೊಂಡು ರೈತರಿಗೆ ಫೋನ್ ಮಾಡಿ ಕರೆಸಿಬಿಟ್ಟರು. ಅವರು ದೂರದ ಹಳ್ಳಿಯಿಂದ ಟ್ರ್ಯಾಕ್ಟರ್ ತಗೊಂಡು ಬಂದು ಬರಿಗೈಲಿ ಹೋದರು. ಆವತ್ತಿನಿಂದ ನನಗೆ ಸಮಾಧಾನವಿಲ್ಲ. ದಾರಿ ತೋರಿಸಿ.

ಸರ್ವರ್_ಕಾವಲು

ಗೇಟ್‌ವೇ ಕೆಟ್ಟರೆ ರಿಫ್ರೆಶ್ ಫೇಲ್ ಆಗುತ್ತದೆ. ಹಳೇ ಡೇಟಾ ಕೊಟ್ಟು ‘ಯಶಸ್ವಿ’ ಅಂತ ಹೇಳುವುದಿಲ್ಲ. ಹಾಗಾಗಿ ನಿಮ್ಮ ಕಾಯಿಲೆ ಅಲ್ಲಿಲ್ಲ ಅಂತ ನನಗನಿಸುತ್ತದೆ. ಆದರೂ ಇನ್ನೊಬ್ಬರು ಬಿಟ್ಟುಹೋದ ಗೇಟ್‌ವೇ ನಿಮ್ಮ ಕೈಗೆ ಬಂದಿದೆ, ಕೆಲವು ವಿಷಯ ಈಗಲೇ ನೋಡಿಕೊಳ್ಳಿ.

ಅದು ಸ್ಟ್ಯಾಂಡರ್ಡ್ ಮೋಡ್‌ನಲ್ಲಿದೆಯೋ ಪರ್ಸನಲ್ ಮೋಡ್‌ನಲ್ಲಿದೆಯೋ? ಪರ್ಸನಲ್ ಆಗಿದ್ದರೆ ಹಾಕಿದ ಒಬ್ಬರಿಗೆ ಮಾತ್ರ ಕೆಲಸ ಮಾಡುತ್ತದೆ. ಅವರ ಅಕೌಂಟ್ ಮುಚ್ಚಿದ ದಿನ ಎಲ್ಲ ನಿಲ್ಲುತ್ತದೆ. ಸ್ಟ್ಯಾಂಡರ್ಡ್ ಆಗಿದ್ದರೆ ಅದು ವಿಂಡೋಸ್ ಸರ್ವಿಸ್ ಆಗಿ ಓಡುತ್ತದೆ, ಯಾರೂ ಲಾಗಿನ್ ಆಗಿರಬೇಕಿಲ್ಲ. ಪಿಸಿ ಮಾತ್ರ ಸ್ಲೀಪ್‌ಗೆ ಹೋಗಬಾರದು. ಲ್ಯಾಪ್‌ಟಾಪ್ ಮೇಲೆ ಗೇಟ್‌ವೇ ಹಾಕಿ, ಮುಚ್ಚಳ ಮುಚ್ಚಿ ಮನೆಗೆ ಹೋದವರನ್ನು ನೋಡಿದ್ದೇನೆ.

ರಿಕವರಿ ಕೀ ಎಲ್ಲಿದೆ ಅಂತ ಹುಡುಕಿ. ಗೇಟ್‌ವೇ ಹಾಕುವಾಗ ಕೊಟ್ಟಿರುತ್ತಾರೆ. ಪಿಸಿ ಸತ್ತರೆ ಅದೇ ಗೇಟ್‌ವೇಯನ್ನು ಬೇರೆ ಪಿಸಿಗೆ ತರಲು ಆ ಕೀ ಬೇಕೇ ಬೇಕು. ಕಳೆದುಹೋಗಿದ್ದರೆ ಯಾರೂ ತೆಗೆದುಕೊಡಲಾರರು, ಹೊಸ ಗೇಟ್‌ವೇ ಹಾಕಿ ಎಲ್ಲ ಕನೆಕ್ಷನ್‌ಗಳನ್ನೂ ಮತ್ತೆ ಬರೆಯಬೇಕು.

ರಿಪೋರ್ಟ್‌ಗೆ ಡೇಟಾ ಕೊಡುವ ಡೇಟಾಸೆಟ್‌ನ ಓನರ್ ಯಾರು ಅಂತಲೂ ನೋಡಿ. (ಈಗ ಅದಕ್ಕೆ ಸೆಮ್ಯಾಂಟಿಕ್ ಮಾಡೆಲ್ ಅಂತ ಹೆಸರು, ನಾವೆಲ್ಲ ಇನ್ನೂ ಡೇಟಾಸೆಟ್ ಅಂತಲೇ ಅನ್ನುತ್ತೇವೆ.) ಹಳಬರ ಹೆಸರೇ ಇದ್ದರೆ ಫೇಲ್ ಆದಾಗ ಬರುವ ಮೇಲ್ ಅವರಿಗೆ ಹೋಗುತ್ತದೆ, ನಿಮಗಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಟೇಕ್ ಓವರ್’ ಒತ್ತಿ, ಮೇಲ್ ಪಟ್ಟಿಗೆ ಇನ್ನೂ ಒಬ್ಬರನ್ನು ಸೇರಿಸಿ. ಸತತ 4 ಸಲ ಫೇಲ್ ಆದರೆ ಶೆಡ್ಯೂಲ್ ತಾನಾಗಿ ಆಫ್ ಆಗುತ್ತದೆ. 2 ತಿಂಗಳು ಯಾರೂ ರಿಪೋರ್ಟ್ ತೆರೆಯದಿದ್ದರೂ ನಿಲ್ಲುತ್ತದೆ. ವರ್ಷಕ್ಕೊಮ್ಮೆ ನೋಡುವ ಆಡಿಟ್ ರಿಪೋರ್ಟ್‌ಗಳು ಹೀಗೆಯೇ ಸಾಯುತ್ತವೆ.

ಗೇಟ್‌ವೇಗೆ ಪ್ರತಿ ತಿಂಗಳು ಹೊಸ ಆವೃತ್ತಿ ಬರುತ್ತದೆ. ಕೊನೆಯ 6 ಆವೃತ್ತಿಗಳಿಗೆ ಮಾತ್ರ ಮೈಕ್ರೋಸಾಫ್ಟ್ ಬೆಂಬಲ ಕೊಡುತ್ತದೆ. ನಿಮ್ಮದು ಯಾವುದು ಅಂತ ನೋಡಿ.

ಕಾಫಿನಾಡು

ಕಾವಲು ಸರ್ ಹೇಳಿದ್ದೆಲ್ಲ ಮಾಡಿ. ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ನನಗೆ ಎರಡು ವಿಷಯ ಬೇಕು.

ಒಂದು, ಬೆಳಗಿನ ರಿಫ್ರೆಶ್‌ನ ಹಿಸ್ಟರಿ. ಶುರುವಾದ ಹೊತ್ತು, ಮುಗಿದ ಹೊತ್ತು, ಪಕ್ಕದಲ್ಲಿ ಆ ದಿನ ಲೆಕ್ಕ ಸರಿ ಇತ್ತೋ ತಪ್ಪೋ. ಎಸ್‌ಎಸ್‌ಡಿ ಹಾಕಿಸುವ ಮುಂಚಿನದೂ ಬೇಕು, ಆಮೇಲಿನದೂ ಬೇಕು.

ಎರಡು, ‘ನಿನ್ನೆ’ ಅನ್ನುವುದನ್ನು ರಿಪೋರ್ಟ್ ಹೇಗೆ ಲೆಕ್ಕ ಹಾಕುತ್ತಿದೆ? ಮೆಶರ್ (ರಿಪೋರ್ಟ್ ತೆರೆದಾಗ ನಡೆಯುವ ಲೆಕ್ಕದ ಸೂತ್ರ) ಒಳಗೋ, ದಿನಾಂಕದ ಟೇಬಲ್‌ನಲ್ಲಿ ಕಾಲಂ ಮಾಡಿದ್ದಾರೋ?

ಹುಬ್ಬಳ್ಳಿ_ಡಿಪೋ

ಬೇಗ ಉತ್ತರ ಕೊಟ್ಟಿದ್ದಕ್ಕೆ ಇಬ್ಬರಿಗೂ ಧನ್ಯವಾದ. ಗೇಟ್‌ವೇ ಸ್ಟ್ಯಾಂಡರ್ಡ್ ಮೋಡ್. ಓನರ್ ಹೆಸರು ಹಳಬರದೇ ಇತ್ತು, ಈಗ ನನ್ನ ಹೆಸರಿಗೆ ಮಾಡಿಕೊಂಡೆ. ರಿಕವರಿ ಕೀ ಇನ್ನೂ ಸಿಕ್ಕಿಲ್ಲ.

ಡಿಪೋದವರು ದೂರು ಕೊಟ್ಟ ವಾಟ್ಸಾಪ್ ಮೆಸೇಜ್‌ಗಳ ತಾರೀಖು ನೋಡಿ ಜೋಡಿಸಿದ್ದೇನೆ.

ಎಸ್‌ಎಸ್‌ಡಿಗೆ ಮುಂಚೆ:
5:02ಕ್ಕೆ ಶುರು, 5:43ಕ್ಕೆ ಮುಗಿದಿದೆ. ಸರಿ.
5:04ಕ್ಕೆ ಶುರು, 5:47ಕ್ಕೆ ಮುಗಿದಿದೆ. ಸರಿ.
5:01ಕ್ಕೆ ಶುರು, 5:26ಕ್ಕೆ ಮುಗಿದಿದೆ. ತಪ್ಪು.
5:03ಕ್ಕೆ ಶುರು, 5:44ಕ್ಕೆ ಮುಗಿದಿದೆ. ಸರಿ.

ಆಮೇಲೆ:
5:02ಕ್ಕೆ ಶುರು, 5:14ಕ್ಕೆ ಮುಗಿದಿದೆ. ತಪ್ಪು.
5:01ಕ್ಕೆ ಶುರು, 5:12ಕ್ಕೆ ಮುಗಿದಿದೆ. ತಪ್ಪು.
ಉಳಿದ ದಿನಗಳೂ ಹೀಗೆಯೇ ಇವೆ.

ದಿನಾಂಕದ ಟೇಬಲ್‌ನಲ್ಲಿ ‘ದಿನದ ಗುರುತು’ ಅಂತ ಒಂದು ಕ್ಯಾಲ್ಕುಲೇಟೆಡ್ ಕಾಲಂ ಇದೆ. ದಿನಾಂಕ, ಇವತ್ತಿನ ತಾರೀಖು ಕೊಡುವ ‘ಟುಡೇ’ ಫಂಕ್ಷನ್‌ಗಿಂತ ಒಂದು ದಿನ ಹಿಂದಿದ್ದರೆ ‘ನಿನ್ನೆ’ ಅಂತ ಬರೆಯುತ್ತದೆ. ‘ನಿನ್ನೆಯ ಮಾರಾಟ’ ತೋರಿಸುವ ಕಾರ್ಡ್‌ಗೆ ಅದೇ ಫಿಲ್ಟರ್.

ಇದನ್ನು ಟೈಪ್ ಮಾಡುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಬೇಗ ಮುಗಿದ ದಿನವೇ ತಪ್ಪಾಗಿದೆ. ಹೀಗೂ ಆಗುತ್ತಾ?

ಕಾಫಿನಾಡು

ಆಗುತ್ತದೆ. ನಿಮ್ಮ ಪಟ್ಟಿಯಲ್ಲಿ 5:30ಕ್ಕೆ ಒಂದು ಗೆರೆ ಎಳೆದು ನೋಡಿ. ಅದಕ್ಕಿಂತ ಮುಂಚೆ ಮುಗಿದದ್ದೆಲ್ಲ ತಪ್ಪು, ಆಮೇಲೆ ಮುಗಿದದ್ದೆಲ್ಲ ಸರಿ.

ಪವರ್ ಬಿಐ ಸರ್ವಿಸ್‌ನಲ್ಲಿ ‘ಟುಡೇ’, ಈಗಿನ ಹೊತ್ತು ಕೊಡುವ ‘ನೌ’ ಎರಡೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಸಮಯ ಕೊಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಮಗೆ ಮಂಗಳವಾರ ಬೆಳಿಗ್ಗೆ 5:12 ಆದಾಗ ಯುಟಿಸಿಯಲ್ಲಿ ಇನ್ನೂ ಸೋಮವಾರ ರಾತ್ರಿ 11:42. ಹಾಗಾಗಿ ‘ಟುಡೇ’ ಅಂದರೆ ಸೋಮವಾರ, ‘ನಿನ್ನೆ’ ಅಂದರೆ ಭಾನುವಾರ. ಡಿಪೋದವರಿಗೆ ಅದು ಮೊನ್ನೆ. ಡೇಟಾ ಪೂರ್ತಿ ಬಂದಿದೆ, ಸೋಮವಾರದ ಬಿಲ್‌ಗಳೂ ಒಳಗಿವೆ. ಗುರುತು ಮಾತ್ರ ತಪ್ಪು ದಿನಕ್ಕೆ ಬಿದ್ದಿದೆ.

ಕ್ಯಾಲ್ಕುಲೇಟೆಡ್ ಕಾಲಂ ರಿಫ್ರೆಶ್‌ನ ಕೊನೆಯಲ್ಲಿ ಒಮ್ಮೆ ಲೆಕ್ಕವಾಗಿ ಹಾಗೇ ಕೂತುಬಿಡುತ್ತದೆ. ಆರೂವರೆಗೆ ರಿಪೋರ್ಟ್ ತೆರೆದರೂ 5:12ಕ್ಕೆ ಬರೆದ ಗುರುತೇ ಕಾಣಿಸುತ್ತದೆ. ಅದಕ್ಕೇ 10:30ರವರೆಗೆ ಕಾಯಬೇಕಾಗಿದೆ. ಇದೇ ಲೆಕ್ಕ ಮೆಶರ್ ಒಳಗಿದ್ದಿದ್ದರೆ ತೆರೆದಾಗಲೆಲ್ಲ ಹೊಸದಾಗಿ ನಡೆಯುತ್ತಿತ್ತು, ಐದೂವರೆ ದಾಟಿದ ಮೇಲೆ ತಪ್ಪು ಕಾಣುತ್ತಿರಲಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ‘ಟುಡೇ’ ನಿಮ್ಮ ಪಿಸಿಯ ದಿನಾಂಕ ಕೊಡುತ್ತದೆ, ಅಲ್ಲಿ ಯಾವಾಗಲೂ ಸರಿ. ಶೆಡ್ಯೂಲ್ ಪುಟದಲ್ಲಿ ಆರಿಸುವ ಟೈಮ್ ಝೋನ್ ರಿಫ್ರೆಶ್ ಯಾವಾಗ ಶುರುವಾಗಬೇಕು ಅನ್ನುವುದಕ್ಕೆ ಮಾತ್ರ. ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ಗೊತ್ತಿಲ್ಲದೆ ತುಂಬಾ ಜನ ಎಡವುತ್ತಾರೆ.

ಮೊದಲು ಗೇಟ್‌ವೇ ನಿಧಾನವಾಗಿತ್ತು, ರಿಫ್ರೆಶ್ ಎಳೆದುಕೊಂಡು ಐದೂವರೆ ದಾಟುತ್ತಿತ್ತು. ತಪ್ಪು ಒಳಗೇ ಇದ್ದರೂ ಮುಚ್ಚಿಹೋಗಿತ್ತು. ಗೇಟ್‌ವೇ ಡೇಟಾವನ್ನು ಮೊದಲು ಡಿಸ್ಕ್ ಮೇಲೆ ಇಳಿಸಿಕೊಂಡು ಆಮೇಲೆ ಕಳಿಸುತ್ತದೆ. ಎಸ್‌ಎಸ್‌ಡಿ ಬಂದ ಮೇಲೆ ಆ ಕೆಲಸ ಚುರುಕಾಯಿತು, ತಪ್ಪು ಹೊರಗೆ ಬಂತು. ನೀವು ಖರ್ಚು ಮಾಡಿ ಮಾಡಿಸಿದ್ದು ಒಳ್ಳೆಯ ಕೆಲಸವೇ.

ಇವತ್ತೇ ಒಂದು ಕೆಲಸ ಮಾಡಿ. ಶೆಡ್ಯೂಲನ್ನು 5:30ಕ್ಕೆ ತನ್ನಿ. ಮುಕ್ಕಾಲಿಗೆಲ್ಲ ಮುಗಿಯುತ್ತದೆ, ನಾಳೆ ಬೆಳಿಗ್ಗೆ ಡಿಪೋದವರಿಗೆ ಸರಿಯಾದ ಲೆಕ್ಕ ಸಿಗುತ್ತದೆ. ಆಮೇಲೆ ನಿಧಾನಕ್ಕೆ ಕಾಲಂ ತಿದ್ದಿ: ‘ಟುಡೇ’ ತೆಗೆದು ‘ಯುಟಿಸಿನೌ’ ಹಾಕಿ, ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿ, ಗಂಟೆಯ ಭಾಗ ಕತ್ತರಿಸಿ ದಿನಾಂಕ ಮಾತ್ರ ಉಳಿಸಿಕೊಳ್ಳಿ. ‘ನೌ’ಗೆ ಐದೂವರೆ ಗಂಟೆ ಕೂಡಿಸಬೇಡಿ. ಸರ್ವಿಸ್‌ನಲ್ಲಿ ಸರಿ ಬರುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಎರಡು ಸಲ ಕೂಡಿದಂತಾಗುತ್ತದೆ. ‘ಯುಟಿಸಿನೌ’ ಎರಡೂ ಕಡೆ ಒಂದೇ ಉತ್ತರ ಕೊಡುತ್ತದೆ, ಪರೀಕ್ಷೆ ಮಾಡಲೂ ಸುಲಭ.

ಜರ್ಸಿ_ಕನ್ನಡತಿ

ಇಲ್ಲಿ ನಮಗೆ ಇದೇ ತೊಂದರೆ ತಲೆಕೆಳಗಾಗಿ ಬರುತ್ತದೆ. ನ್ಯೂಜರ್ಸಿ ಯುಟಿಸಿಗಿಂತ ಹಿಂದಿದೆ. ಚಳಿಗಾಲದಲ್ಲಿ ಸಂಜೆ 7 ಗಂಟೆಗೇ ರಿಪೋರ್ಟ್‌ನಲ್ಲಿ ‘ಇವತ್ತು’ ಹೋಗಿ ‘ನಾಳೆ’ ಆಗುತ್ತದೆ, ಬೇಸಿಗೆಯಲ್ಲಿ 8 ಗಂಟೆಗೆ. ಸಂಜೆ ಪಾಳಿಯವರ ಪಟ್ಟಿ ಕೆಲಸದ ಮಧ್ಯದಲ್ಲೇ ಖಾಲಿಯಾಗಿಬಿಡುತ್ತಿತ್ತು.

ಭಾರತದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಐದೂವರೆ ಗಂಟೆ ಕೂಡಿಸಿದರೆ ವರ್ಷವಿಡೀ ಸರಿ. ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಬದಲಾಗುತ್ತದೆ. ಹೊರದೇಶದ ಆಫೀಸಿಗೆ ಬೆಂಗಳೂರಿನಿಂದ ರಿಪೋರ್ಟ್ ಮಾಡಿಕೊಡುವವರು ಇದನ್ನು ಮರೆಯಬೇಡಿ. ಎಸ್‌ಕ್ಯೂಎಲ್ ಸರ್ವರ್ 2016ರಿಂದ, ಸಮಯವನ್ನು ಬೇಕಾದ ಟೈಮ್ ಝೋನ್‌ಗೆ ಬದಲಿಸುವ ‘ಅಟ್ ಟೈಮ್ ಝೋನ್’ ಇದೆ, ಬೇಸಿಗೆ ಸಮಯವನ್ನೂ ಅದೇ ನೋಡಿಕೊಳ್ಳುತ್ತದೆ. ನಾವು ಲೆಕ್ಕವನ್ನು ಅಲ್ಲಿಗೇ ಸಾಗಿಸಿದೆವು. ಮೈಕ್ರೋಸಾಫ್ಟ್ ಕ್ಲೌಡ್‌ನ ಅಜೂರ್ ಎಸ್‌ಕ್ಯೂಎಲ್ ಆದರೆ ಅಲ್ಲಿ ಈಗಿನ ಹೊತ್ತು ಕೊಡುವ ‘ಗೆಟ್‌ಡೇಟ್’ ಕೂಡ ಯುಟಿಸಿಯೇ, ಹುಷಾರು.

ಲೆಕ್ಕದಪುಸ್ತಕ

ನಾನು ಐಟಿಯವನಲ್ಲ, ಅಕೌಂಟ್ಸ್‌ನವನು. ರಿಪೋರ್ಟ್ ನೋಡಿ ನಿರ್ಧಾರ ಮಾಡುವ ಕಡೆಯಿಂದ ಒಂದು ಮಾತು.

‘ಯಶಸ್ವಿ’ ಅನ್ನುವ ಹಸಿರು ಗುರುತು ನಮಗೆ ಬೇಕಾದದ್ದನ್ನು ಹೇಳುವುದಿಲ್ಲ. ಡೇಟಾ ಈ ಕಡೆಯಿಂದ ಆ ಕಡೆಗೆ ಹೋಯಿತು, ಅಷ್ಟೇ ಅದರ ಅರ್ಥ. ರಿಪೋರ್ಟ್ ತೆರೆಯದಿದ್ದರೆ ನಾವು ಫೋನ್ ಮಾಡಿ ಕೇಳುತ್ತೇವೆ, ಯಾರಿಗೂ ನಷ್ಟವಾಗುವುದಿಲ್ಲ. ತಪ್ಪು ಲೆಕ್ಕ ಸರಿಯಾದ ಬಣ್ಣದಲ್ಲಿ, ಸರಿಯಾದ ಜಾಗದಲ್ಲಿ ಬಂದರೆ ನಂಬಿಬಿಡುತ್ತೇವೆ. ಆ ರೈತರು ಟ್ರ್ಯಾಕ್ಟರ್ ತಂದದ್ದು ಹಾಗೆಯೇ ಅಲ್ವಾ?

ನಮ್ಮಲ್ಲಿ ನಾನು ಹಟ ಹಿಡಿದು ಎರಡು ಬದಲಾವಣೆ ಮಾಡಿಸಿದೆ. ಪ್ರತಿ ಪುಟದ ಮೇಲೆ ‘ಕೊನೆಯ ಬಿಲ್ಲಿನ ದಿನಾಂಕ’ ಅಂತ ಒಂದು ಸಾಲು. ರಿಫ್ರೆಶ್ ಆದ ಹೊತ್ತಲ್ಲ, ಡೇಟಾದೊಳಗೆ ಇರುವ ಕೊನೆಯ ಬಿಲ್‌ನ ತಾರೀಖು. ‘ನಿನ್ನೆಯ ಮಾರಾಟ’ ಅಂತ ಬರೆದ ಕಡೆ ಆವರಣದಲ್ಲಿ ತಾರೀಖನ್ನೂ ಹಾಕಿಸಿದೆ. ಡಿಪೋದವರಿಗೆ ಯುಟಿಸಿ ಗೊತ್ತಿರಬೇಕಿಲ್ಲ, ತಾರೀಖು ಓದಲು ಎಲ್ಲರಿಗೂ ಬರುತ್ತದೆ.

ಇನ್ನೊಂದು, ತಾಳೆ ನೋಡುವುದು. ಬಿಲ್ಲಿಂಗ್ ಸಾಫ್ಟ್‌ವೇರ್‌ನ ದಿನದ ಒಟ್ಟು ಮೊತ್ತ ಒಂದು ಕಡೆ, ಪವರ್ ಬಿಐ ಹೇಳುವ ಮೊತ್ತ ಒಂದು ಕಡೆ. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಆ ಸಾಲು ಕೆಂಪಾಗುತ್ತದೆ. ಕ್ಯಾಶ್‌ಬುಕ್ ತಾಳೆ ನೋಡದೆ ನಾವು ದಿನ ಮುಗಿಸುವುದಿಲ್ಲ. ರಿಪೋರ್ಟ್‌ಗೂ ಅದೇ ಶಿಸ್ತು ಬೇಕು.

ಸರ್ವರ್_ಕಾವಲು

ಈ ಮಾತನ್ನು ನಮ್ಮ ಟೀಮಿನವರಿಗೆ ಓದಿ ಹೇಳುತ್ತೇನೆ ಸರ್. 10 ವರ್ಷದಿಂದ ಹಸಿರು ಗುರುತು ನೋಡಿಯೇ ಮನೆಗೆ ಹೋಗುತ್ತಿದ್ದೆ.

ಸಂಘದ_ಕೆಲಸ

ಇದೇ ಚರ್ಚೆಯಲ್ಲಿ ಕೇಳಿದರೆ ತಪ್ಪಿಲ್ಲ ಅಂದುಕೊಳ್ಳುತ್ತೇನೆ, ನನ್ನದೂ ‘ಯಶಸ್ವಿ’ ಅಂತ ಬಂದು ತಪ್ಪು ಕೊಡುವ ರಿಪೋರ್ಟೇ. ಒಂದು ಸಹಕಾರ ಸಂಘದ ಎಸ್‌ಎಸ್‌ಆರ್‌ಎಸ್ (ಎಸ್‌ಕ್ಯೂಎಲ್ ಸರ್ವರ್ ಜೊತೆ ಬರುತ್ತಿದ್ದ ರಿಪೋರ್ಟ್ ಸರ್ವರ್) ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು ಸದಸ್ಯರ ಪಾಸ್‌ಪುಸ್ತಕದ ವಿವರ ಪಿಡಿಎಫ್ ಆಗಿ ಹೋಗುತ್ತದೆ. ಹೊಸ ಸರ್ವರ್‌ಗೆ ಬಂದ ಮೇಲೆ ಕನ್ನಡ ಹೆಸರುಗಳೆಲ್ಲ ಡಬ್ಬಿ ಡಬ್ಬಿ. ಕೆಲವರ ಹೆಸರು ಬರೀ ಪ್ರಶ್ನೆ ಚಿಹ್ನೆ. ಹಳೇ ಸದಸ್ಯರದ್ದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳು, ಮೇಲೆ ಚುಕ್ಕಿ, ಗೆರೆ. ಯಾವ ಫಾಂಟ್ ಹಾಕಲಿ?

ತುಂಗಾತೀರ

ಫಾಂಟ್ ಹಾಕಿದರೆ ಮೂರರಲ್ಲಿ ಒಂದು ಮಾತ್ರ ಸರಿಯಾಗುತ್ತದೆ. ಇವು ಮೂರು ಬೇರೆ ಬೇರೆ ಕಾಯಿಲೆ.

ಡಬ್ಬಿ ಕಾಣಿಸಿದರೆ ಡೇಟಾ ಚೆನ್ನಾಗಿದೆ, ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ಪಿಡಿಎಫ್ ತಯಾರಾಗುವುದು ನಿಮ್ಮ ಪಿಸಿಯಲ್ಲಲ್ಲ, ರಿಪೋರ್ಟ್ ಸರ್ವರ್‌ನಲ್ಲಿ. ನಿಮ್ಮ ಪಿಸಿಯ ಪ್ರಿವ್ಯೂನಲ್ಲಿ ಚೆನ್ನಾಗಿ ಕಾಣಿಸಿದರೆ ಸಾಲದು. ಹಳೇ ರಿಪೋರ್ಟ್‌ಗಳಲ್ಲಿ ತುಂಗಾ ಫಾಂಟ್ ಇರುತ್ತದೆ. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ಐಚ್ಛಿಕ ಫಾಂಟ್‌ಗಳ ಪಟ್ಟಿಯಿಂದ ಹಾಕಿಕೊಳ್ಳಬೇಕು. ನಿರ್ಮಲ ಯುಐ ವಿಂಡೋಸ್ 8ರಿಂದ ಇದೆ. ರಿಪೋರ್ಟ್‌ನಲ್ಲಿ ಯಾವ ಫಾಂಟ್ ಹೆಸರು ಬರೆದಿದೆಯೋ ಅದೇ ಸರ್ವರ್‌ನಲ್ಲಿ ಇರಬೇಕು. ಫಾಂಟ್ ಹಾಕುವಾಗ ‘ಎಲ್ಲ ಬಳಕೆದಾರರಿಗೆ’ ಅನ್ನುವುದನ್ನೇ ಆರಿಸಿ. ಸುಮ್ನೆ ಡಬಲ್ ಕ್ಲಿಕ್ ಮಾಡಿ ಹಾಕಿದರೆ ನಿಮ್ಮ ಲಾಗಿನ್‌ಗೆ ಮಾತ್ರ ಬೀಳಬಹುದು, ರಿಪೋರ್ಟ್ ಸರ್ವಿಸ್ ಓಡುವುದು ಬೇರೆ ಅಕೌಂಟ್‌ನಲ್ಲಿ. ಆಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಪ್ರಶ್ನೆ ಚಿಹ್ನೆ ಬೇಸರದ ವಿಷಯ. ಹೆಸರನ್ನು ಉಳಿಸುವಾಗಲೇ ಅಕ್ಷರ ಹೋಗಿರಬಹುದು. ಕಾಲಂ ಎಲ್ಲ ಭಾಷೆಯ ಅಕ್ಷರ ಹಿಡಿಯುವ ‘ಎನ್‌ವಾರ್‌ಚಾರ್’ ಬದಲು ‘ವಾರ್‌ಚಾರ್’ ಆಗಿದ್ದರೆ, ಅಥವಾ ಸೇರಿಸುವ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೊಡುವ ಆದೇಶದಲ್ಲಿ) ಹೆಸರಿನ ಮುಂದೆ ‘ಎನ್’ ಅಕ್ಷರ ಹಾಕದಿದ್ದರೆ ಹೀಗಾಗುತ್ತದೆ. ‘ಯೂನಿಕೋಡ್’ ಅನ್ನುವ ಎಸ್‌ಕ್ಯೂಎಲ್ ಫಂಕ್ಷನ್‌ಗೆ ಆ ಹೆಸರು ಕೊಟ್ಟು ನೋಡಿ, ಮೊದಲ ಅಕ್ಷರದ ಸಂಖ್ಯೆ ಹೇಳುತ್ತದೆ. ಕನ್ನಡ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ, ‘ಕ’ಗೆ 3221. ನಿಮಗೆ 63 ಬಂದರೆ ಅಲ್ಲಿರುವುದು ನಿಜವಾದ ಪ್ರಶ್ನೆ ಚಿಹ್ನೆಯೇ. ಆ ಹೆಸರನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲಾರದು, ಅರ್ಜಿ ನೋಡಿ ಮತ್ತೆ ಟೈಪ್ ಮಾಡಬೇಕು. ಮೊದಲು ಕಾಲಂ ಸರಿಮಾಡಿ, ಇಲ್ಲದಿದ್ದರೆ ಟೈಪ್ ಮಾಡಿದ್ದೂ ಹಾಗೇ ಹೋಗುತ್ತದೆ.

ಮೂರನೆಯದು ಹಳೇ ನುಡಿ ಅಥವಾ ಬರಹದ ಆಸ್ಕಿ ಬರವಣಿಗೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದ ಕಾಲದ್ದು. ಆ ಹಳೇ ಫಾಂಟ್ ಹಾಕಿದರೆ ಕಾಣಿಸುತ್ತದೆ, ಆದರೆ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಪರಿವರ್ತಕದಿಂದ ಯೂನಿಕೋಡ್‌ಗೆ ಒಮ್ಮೆ ಬದಲಿಸಿಬಿಡಿ. ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿಂದಲೇ ನೋಡಿ ತಿದ್ದಿ.

ಪಾಸ್‌ಪುಸ್ತಕದಲ್ಲಿ ತನ್ನ ಹೆಸರು ತನ್ನ ಭಾಷೆಯಲ್ಲಿ ತಪ್ಪಿಲ್ಲದೆ ಇರಬೇಕು. ಅದಕ್ಕಾಗಿ ಒಂದು ವಾರ ಹೋದರೂ ಪರವಾಗಿಲ್ಲ.

ಹಾಸನ_ಹಾದಿ

ಎಸ್‌ಎಸ್‌ಆರ್‌ಎಸ್ ಮಾತು ಬಂದಿದ್ದರಿಂದ ಒಂದು ಅನುಭವ. ನಮ್ಮಲ್ಲಿ ಒಂದು ಬಾಕಿ ವಸೂಲಿ ರಿಪೋರ್ಟ್ 4 ನಿಮಿಷ ತಗೊಳ್ಳುತ್ತಿತ್ತು. ಹೊಸ ಸರ್ವರ್ ಕೊಳ್ಳೋಣ ಅಂತ ಮೀಟಿಂಗ್ ಕೂಡ ಆಗಿತ್ತು. ರಿಪೋರ್ಟ್ ಸರ್ವರ್‌ನ ಡೇಟಾಬೇಸ್‌ನಲ್ಲಿ ‘ಎಕ್ಸಿಕ್ಯೂಷನ್‌ಲಾಗ್3’ ಅಂತ ಒಂದು ವ್ಯೂ ಇದೆ. ಪ್ರತಿ ಸಲ ಡೇಟಾ ತರಲು ಎಷ್ಟು ಹೊತ್ತು, ಜೋಡಿಸಲು ಎಷ್ಟು, ಪುಟ ಬಿಡಿಸಲು ಎಷ್ಟು ಅಂತ ಮೂರು ಕಾಲಂಗಳಲ್ಲಿ ಬರೆದಿಡುತ್ತದೆ. 60 ದಿನದ್ದು ಇರುತ್ತದೆ, ಬೇಕಿದ್ದರೆ ಹೆಚ್ಚಿಸಿಕೊಳ್ಳಬಹುದು. ನಮ್ಮದರಲ್ಲಿ ಪೂರ್ತಿ ಹೊತ್ತು ಡೇಟಾ ತರುವುದರಲ್ಲೇ ಹೋಗುತ್ತಿತ್ತು. ಅದೇ ಕ್ವೆರಿ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ (ಡೇಟಾಬೇಸ್ ಮೇಲೆ ನೇರವಾಗಿ ಕ್ವೆರಿ ಓಡಿಸುವ ಸಾಫ್ಟ್‌ವೇರ್) 3 ಸೆಕೆಂಡ್!

ಯಾರೋ ಮೊದಲು ಒಂದು ಸಣ್ಣ ಶಾಖೆಗೆ ರಿಪೋರ್ಟ್ ಓಡಿಸಿದ್ದರು. ಎಸ್‌ಕ್ಯೂಎಲ್ ಸರ್ವರ್ ಆ ಸಣ್ಣ ಲೆಕ್ಕಕ್ಕೆ ತಕ್ಕ ದಾರಿಯನ್ನು ನೆನಪಿಟ್ಟುಕೊಂಡು ದೊಡ್ಡ ಶಾಖೆಗೂ ಅದನ್ನೇ ಹಿಡಿಯುತ್ತಿತ್ತು. ಪ್ಯಾರಾಮೀಟರ್ ಸ್ನಿಫಿಂಗ್ ಅನ್ನುವುದು ಇದಕ್ಕೇ. ಸ್ಟುಡಿಯೋದಲ್ಲಿ ‘ಅರಿತ್‌ಅಬಾರ್ಟ್’ ಸೆಟ್ಟಿಂಗ್ ಬೇರೆ ಇರುವುದರಿಂದ ಅಲ್ಲಿ ಬೇರೆಯೇ ದಾರಿ ಸಿಗುತ್ತದೆ, ಅದಕ್ಕೇ ಅಲ್ಲಿ ವೇಗವಾಗಿತ್ತು. ಪ್ರತಿ ಸಲ ಹೊಸದಾಗಿ ದಾರಿ ಹುಡುಕಿಸುವ ‘ಆಪ್ಷನ್ ರೀಕಂಪೈಲ್’ ಅನ್ನು ಕ್ವೆರಿಯ ಕೊನೆಗೆ ಸೇರಿಸಿದೆ. 5 ಸೆಕೆಂಡ್‌ಗೆ ಬಂತು, ಸರ್ವರ್ ಕೊಳ್ಳಲಿಲ್ಲ.

ಸಂಘದವರಿಗೆ ಇನ್ನೊಂದು ಮಾತು. ಎಸ್‌ಎಸ್‌ಆರ್‌ಎಸ್‌ನ ಕೊನೆಯ ಆವೃತ್ತಿ 2022ರದ್ದು, ಬೆಂಬಲ 2033ರ ಜನವರಿವರೆಗೆ. ಎಸ್‌ಕ್ಯೂಎಲ್ ಸರ್ವರ್ 2025ರಿಂದ ಅದರ ಜಾಗಕ್ಕೆ ಪವರ್ ಬಿಐ ರಿಪೋರ್ಟ್ ಸರ್ವರ್ ಬಂದಿದೆ. ಗಾಬರಿ ಬೇಡ, ಸಮಯವಿದೆ. ಎನ್‌ಕ್ರಿಪ್ಷನ್ ಕೀ ಬ್ಯಾಕಪ್ ಮಾತ್ರ ಇವತ್ತೇ ತೆಗೆದಿಡಿ, ಅದಿಲ್ಲದಿದ್ದರೆ ಸರ್ವರ್ ಬದಲಿಸುವಾಗ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಹೋಗುತ್ತವೆ. ಹುಬ್ಬಳ್ಳಿಯವರೇ, ನಿಮ್ಮ ಎಸ್‌ಕ್ಯೂಎಲ್ ಸರ್ವರ್ 2016ಕ್ಕೆ ಬೆಂಬಲದ ಕೊನೆಯ ದಿನ 2026ರ ಜುಲೈ 14. ಯಜಮಾನರ ಕಿವಿಗೆ ಹಾಕಿ.

ಸಂಘದ_ಕೆಲಸ

ತುಂಗಾತೀರ ಸರ್, ಡಬ್ಬಿಗಳು ಹೋದವು. ನಿರ್ಮಲ ಫಾಂಟ್ ಸರ್ವರ್‌ನಲ್ಲೇ ಇತ್ತು, ರಿಪೋರ್ಟ್‌ನಲ್ಲಿ ತುಂಗಾ ಅಂತ ಬರೆದಿತ್ತು. ಪ್ರಶ್ನೆ ಚಿಹ್ನೆಯ ಹೆಸರುಗಳಿಗೆ 63 ಅಂತಲೇ ಬಂತು. 212 ಹೆಸರುಗಳಿವೆ. ಅರ್ಜಿಗಳ ಕಟ್ಟು ತೆಗೆಸಿದ್ದೇನೆ, ಇಬ್ಬರು ಕೂತು ಟೈಪ್ ಮಾಡುತ್ತಿದ್ದೇವೆ.

ಹುಬ್ಬಳ್ಳಿ_ಡಿಪೋ

9 ದಿನ ಕಾದು ಬರೆಯುತ್ತಿದ್ದೇನೆ, ಖಾತ್ರಿಯಾಗಲಿ ಅಂತ.

ಆವತ್ತೇ ಶೆಡ್ಯೂಲ್ 5:30ಕ್ಕೆ ತಂದೆ. ಮರುದಿನ ಆರು ಗಂಟೆಗೆ ನಾನೇ ಎದ್ದು ಮೊಬೈಲ್ ನೋಡಿದೆ, ಲೆಕ್ಕ ಸರಿ ಇತ್ತು. ಆಮೇಲೆ ಕಾಲಂ ತಿದ್ದಿದೆ. ತಿದ್ದಿದ್ದು ನಿಜವಾಗಿ ಕೆಲಸ ಮಾಡುತ್ತಾ ಅಂತ ನೋಡಲು ಶೆಡ್ಯೂಲನ್ನು ಬೇಕೆಂದೇ 5 ಗಂಟೆಗೆ ವಾಪಸ್ ತಂದೆ. ಈಗ 5:12ಕ್ಕೆ ಮುಗಿದರೂ ‘ನಿನ್ನೆ’ ನಿನ್ನೆಯೇ ಆಗಿದೆ. ಬೇರೆ ರಿಪೋರ್ಟ್‌ಗಳಲ್ಲೂ ‘ಟುಡೇ’ ಹುಡುಕಿದೆ, 6 ಕಡೆ ಸಿಕ್ಕಿತು. ಅದರಲ್ಲಿ ಒಂದು ಬಾಕಿ ದಿನಗಳ ಲೆಕ್ಕ. ಅದು ಎಲ್ಲ ಅಂಗಡಿಯವರಿಗೂ ಒಂದು ದಿನ ಕಡಿಮೆ ತೋರಿಸುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

ಲೆಕ್ಕದಪುಸ್ತಕ ಸರ್ ಹೇಳಿದಂತೆ ತಾರೀಖು ಹಾಕಿದ್ದೇನೆ, ತಾಳೆಯ ಸಾಲೂ ಬಂದಿದೆ. ಎರಡನೇ ದಿನವೇ ಕೆಂಪಾಯಿತು. ನೋಡಿದರೆ ಒಂದು ಡಿಪೋದವರು ರಾತ್ರಿ ರದ್ದು ಮಾಡಿದ ಬಿಲ್‌ಗಳನ್ನು ನಮ್ಮ ಕ್ವೆರಿ ಲೆಕ್ಕದಿಂದ ಕೈಬಿಡುತ್ತಲೇ ಇರಲಿಲ್ಲ. ಅದನ್ನೂ ಸರಿಮಾಡಿದೆ.

ರಿಕವರಿ ಕೀ ಸಿಗಲೇ ಇಲ್ಲ. ಹಳಬರಿಗೆ ಫೋನ್ ಮಾಡಿದೆ, ಅವರಿಗೂ ನೆನಪಿಲ್ಲ. ಕಳೆದ ಭಾನುವಾರ ಇನ್ನೊಂದು ಪಿಸಿಯಲ್ಲಿ ಹೊಸ ಗೇಟ್‌ವೇ ಹಾಕಿ, ಕನೆಕ್ಷನ್‌ಗಳನ್ನು ಮೊದಲಿನಿಂದ ಬರೆದೆ. ಸರ್ವರ್ ಹೆಸರು ಡೆಸ್ಕ್‌ಟಾಪ್ ಫೈಲ್‌ನಲ್ಲಿ ಇದ್ದಂತೆಯೇ ಇರಬೇಕಂತೆ. ನಾನು ಐಪಿ ವಿಳಾಸ ಹಾಕಿದ್ದೆ, ರಿಪೋರ್ಟ್ ಆ ಕನೆಕ್ಷನ್ ಗುರುತಿಸಲೇ ಇಲ್ಲ. ಹೆಸರು ಬದಲಿಸಿದ ಮೇಲೆ ಹಿಡಿಯಿತು. ಹೊಸ ಕೀಯನ್ನು ಎರಡು ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ಒಂದು ಯಜಮಾನರ ತಿಜೋರಿಯಲ್ಲಿದೆ, ಇನ್ನೊಂದು ಅಕೌಂಟ್ಸ್ ಅಕ್ಕನ ಬೀರುವಿನಲ್ಲಿದೆ.

ಆ ಡಿಪೋದವರು ಟ್ರ್ಯಾಕ್ಟರ್ ತಂದಿದ್ದ ರೈತರಿಗೆ ಮುಂದಿನ ಲೋಡ್‌ನಲ್ಲಿ ಮೊದಲು ಯೂರಿಯಾ ಕೊಟ್ಟರಂತೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ ಹೇಳಿದರು.